ಸೈಲೆನ್ಸರ್ ತುಕ್ಕು: ಹೊರಗೆ ಉಜ್ಜುವ ಮೊದಲು ಒಳಗಿನ ನೀರಿಗೆ ದಾರಿ ಬಿಡಿ

ಸಂಪಾದಕರಿಗೆ,

ಮಾನ್ಯರೇ,

ಮಳೆಗಾಲ ಹಿಡಿಯಿತೆಂದರೆ ಬೈಕಿನ ಸೈಲೆನ್ಸರ್ ತುಕ್ಕಿಗೆ ಮನೆಮದ್ದು ಹೇಳುವವರು ಬೀದಿಗೊಬ್ಬರು ಹುಟ್ಟಿಕೊಳ್ಳುತ್ತಾರೆ. ಒಬ್ಬರು ನಿಂಬೆಹಣ್ಣಿಗೆ ಉಪ್ಪು ಹಚ್ಚಿ ಉಜ್ಜಿ ಎನ್ನುತ್ತಾರೆ, ಇನ್ನೊಬ್ಬರು ಟಾಯ್ಲೆಟ್ ತೊಳೆಯುವ ಆಸಿಡ್ ಸುರಿಯಿರಿ ಎನ್ನುತ್ತಾರೆ, ಮತ್ತೊಬ್ಬರು ಸುಟ್ಟ ಎಂಜಿನ್ ಆಯಿಲ್ ಬಳಿಯಿರಿ ಎನ್ನುತ್ತಾರೆ. ಮೊದಲೆರಡು ಸೈಲೆನ್ಸರನ್ನು ಕೆಡಿಸುತ್ತವೆ. ಮೂರನೆಯದು ಸವಾರನನ್ನೇ ಕೆಡವಬಹುದು. ಇವೆಲ್ಲ ಹೊರಮೈಯ ಚಿಂತೆ ಎಂಬುದು ಬೇರೆ ಮಾತು. ತೂತು ಬಿದ್ದ ಸೈಲೆನ್ಸರನ್ನು ಕೊಯ್ದು ನೋಡಿದರೆ ಸಾಮಾನ್ಯವಾಗಿ ತುಕ್ಕು ಒಳಗಿನಿಂದ ಹೊರಕ್ಕೆ ತಿಂದುಕೊಂಡು ಬಂದಿರುತ್ತದೆ. ಹೊರಗೆ ಕಂದು ಚುಕ್ಕೆ ಕಾಣುವಷ್ಟರಲ್ಲಿ ಒಳಗಿನ ತಗಡು ನವೆದಿರುತ್ತದೆ.

ಒಳಗೆ ನೀರು ಬರುವುದು ಮಳೆಯಿಂದಲ್ಲ, ಪೆಟ್ರೋಲಿನಿಂದ. ಒಂದು ಲೀಟರ್ ಪೆಟ್ರೋಲ್ ಪೂರ್ತಿ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಆವಿಯಾಗಿ ಹೊರಡುತ್ತದೆ. ಪೆಟ್ರೋಲಿನಲ್ಲಿರುವ ಹೈಡ್ರೋಜನ್ ಗಾಳಿಯ ಆಮ್ಲಜನಕದ ಜೊತೆ ಸೇರುವುದರಿಂದ ಇದು ಆಗುತ್ತದೆ, ತಪ್ಪಿಸುವ ಹಾಗಿಲ್ಲ. ಲೀಟರಿಗೆ 50 ಕಿಲೋಮೀಟರ್ ಕೊಡುವ ಬೈಕ್ 2 ಕಿಲೋಮೀಟರ್ ಓಡಿದರೆ 40 ಮಿಲಿಲೀಟರ್ ಪೆಟ್ರೋಲ್ ಉರಿಯುತ್ತದೆ, ಅಷ್ಟೇ ನೀರೂ ಹುಟ್ಟುತ್ತದೆ. ಸೈಲೆನ್ಸರಿನ ಒಳಗೋಡೆ ಸುಮಾರು 50 ಡಿಗ್ರಿ ದಾಟುವವರೆಗೆ ಈ ಆವಿ ಅಲ್ಲೇ ಹನಿಗಟ್ಟುತ್ತದೆ. ಹಾಲು ತರಲು, ಮಗುವನ್ನು ಶಾಲೆಗೆ ಬಿಡಲು, ಬಸ್‌ಸ್ಟ್ಯಾಂಡಿನವರೆಗೆ ಹೋಗಲು ಮಾತ್ರ ಬೈಕ್ ತೆಗೆಯುವವರ ಸೈಲೆನ್ಸರಿನ ಹಿಂಭಾಗ ಆ ಬಿಸಿಯನ್ನು ಮುಟ್ಟುವ ಮೊದಲೇ ಎಂಜಿನ್ ಆಫ್ ಆಗಿರುತ್ತದೆ. ಹೊಗೆಯಲ್ಲಿರುವ ಕಾರ್ಬನ್ ಡೈಆಕ್ಸೈಡ್, ನೈಟ್ರೋಜನ್ ಆಕ್ಸೈಡ್‌ಗಳು ಆ ನೀರಿನಲ್ಲಿ ಕರಗಿ ಅದನ್ನು ಹುಳಿಯಾಗಿಸುತ್ತವೆ. ಬರಿ ನೀರಿಗಿಂತ ಹುಳಿನೀರು ಕಬ್ಬಿಣವನ್ನು ಬೇಗ ತಿನ್ನುತ್ತದೆ.

ಹೀಗಾಗಿ, ನಿಂತ ಬೈಕನ್ನು ದಿನಾ ಎರಡು ನಿಮಿಷ ಸ್ಟಾರ್ಟ್ ಮಾಡಿ ಆರಿಸುವ ಅಭ್ಯಾಸ ಸೈಲೆನ್ಸರಿಗೆ ಕೇಡು. ಬ್ಯಾಟರಿಗೂ ಅದರಿಂದ ಹೆಚ್ಚೇನೂ ದಕ್ಕುವುದಿಲ್ಲ. ದಿನಕ್ಕೆ ಎರಡು ನಿಮಿಷದ ಬದಲು ವಾರಕ್ಕೊಮ್ಮೆ 20 ನಿಮಿಷ ರಸ್ತೆಯಲ್ಲಿ ಓಡಿಸಿ. ಹಿಂತುದಿಯಿಂದ ಬಿಳಿ ಆವಿ ನಿಂತು, ಬಾಯಿಯ ಬಳಿ ಹಿಡಿದ ಒಣ ಕಾಗದ ಒದ್ದೆಯಾಗದಿದ್ದರೆ ಒಳಗೆ ಒಣಗಿದೆ ಎಂದು ತಿಳಿಯಬಹುದು.

ಇದರ ಜೊತೆಗೇ ನೋಡಬೇಕಾದದ್ದು ನೀರಿಳಿಯುವ ತೂತು. ಹಲವು ಮಾಡೆಲ್‌ಗಳಲ್ಲಿ ಸೈಲೆನ್ಸರಿನ ತಳದಲ್ಲಿ, ಅತಿ ತಗ್ಗಾದ ಜಾಗದಲ್ಲಿ, 2-3 ಮಿಲಿಮೀಟರಿನ ಒಂದು ಸಣ್ಣ ತೂತು ಇರುತ್ತದೆ. ನೀರು ಹನಿಹನಿಯಾಗಿ ಜಾರಿಹೋಗಲೆಂದು ಕಂಪನಿಯೇ ಕೊರೆದಿರುವುದು ಅದು. ಮಲೆನಾಡಿನ ಕೆಂಪು ಕೆಸರು ಒಂದೇ ವಾರದಲ್ಲಿ ಅದನ್ನು ಮುಚ್ಚಿಬಿಡುತ್ತದೆ. ಸೈಲೆನ್ಸರ್ ಪೂರ್ತಿ ತಣ್ಣಗಿದ್ದಾಗ ತೆಳು ತಂತಿ ಆಡಿಸಿದರೆ ಸಾಕು, ಡ್ರಿಲ್ ಹಾಕಿ ದೊಡ್ಡದು ಮಾಡಬೇಡಿ. ನಗು ಬರುವ ಸಂಗತಿ ಏನೆಂದರೆ, ಈ ತೂತನ್ನು ತುಕ್ಕಿನ ತೂತೆಂದು ತಿಳಿದು ವೆಲ್ಡಿಂಗ್ ಮಾಡಿಸಿ ಮುಚ್ಚಿಸುವವರೂ ಇದ್ದಾರೆ. ಮುಚ್ಚಿಸಿದ ಮೇಲೆ ಒಳಗಿನ ನೀರು ಅಲ್ಲೇ ನಿಂತು, ಆ ವೆಲ್ಡಿಂಗಿನ ಪಕ್ಕದಲ್ಲೇ ನಿಜವಾದ ತುಕ್ಕಿನ ತೂತು ಬೀಳುತ್ತದೆ. ಅಂಚು ದುಂಡಗೆ, ನುಣ್ಣಗೆ ಇದ್ದರೆ ಅದು ಕಂಪನಿಯ ತೂತು. ಸುತ್ತ ಚಕ್ಕೆಯೆದ್ದು ಅಂಕುಡೊಂಕಾಗಿದ್ದರೆ ತುಕ್ಕಿನದು.

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾದ ಹಳೆಯ ಯೆಜ್ಡಿಗಳ ಜೋಡಿ ಸೈಲೆನ್ಸರ್ ಇಷ್ಟು ವರ್ಷ ಹೇಗೆ ಬಾಳಿತು, ಈಗಿನದು ಯಾಕೆ ಬಾಳುವುದಿಲ್ಲ ಎಂದು ಹಳಬರು ಕೇಳುವುದುಂಟು. ಆಗಿನ ತಗಡು ದಪ್ಪ ಎಂಬುದಷ್ಟೇ ಉತ್ತರವಲ್ಲ. ಟೂ ಸ್ಟ್ರೋಕ್ ಎಂಜಿನಿನಲ್ಲಿ ಪೆಟ್ರೋಲಿನ ಜೊತೆ ಎಣ್ಣೆಯೂ ಹೋಗುತ್ತಿತ್ತು, ಉರಿಯದೆ ಉಳಿದ ಎಣ್ಣೆ ಸೈಲೆನ್ಸರಿನ ಒಳಗೋಡೆಗೆ ಜಿಡ್ಡಿನ ಪದರವಾಗಿ ಅಂಟಿಕೊಳ್ಳುತ್ತಿತ್ತು. ಹೊಗೆ ಕಾರಿದ್ದು ನಿಜ, ಆದರೆ ಅದೇ ಜಿಡ್ಡು ಕಬ್ಬಿಣವನ್ನು ಕಾಯುತ್ತಿತ್ತು. ಫೋರ್ ಸ್ಟ್ರೋಕ್ ಎಂಜಿನಿನ ಹೊಗೆಗೆ ಆ ಜಿಡ್ಡಿಲ್ಲ. ಇನ್ನು ಎಥನಾಲ್ ಬೆರೆಸಿದ ಪೆಟ್ರೋಲಿನಿಂದಲೇ ಸೈಲೆನ್ಸರಿನಲ್ಲಿ ನೀರು ತುಂಬುತ್ತದೆ ಎಂಬ ದೂರು. ಲೆಕ್ಕ ಹಾಕಿದರೆ ಒಂದು ಲೀಟರ್ ಎಥನಾಲ್ ಉರಿದಾಗ ಹುಟ್ಟುವ ನೀರು ಪೆಟ್ರೋಲಿನದಕ್ಕಿಂತ ತುಸು ಕಡಿಮೆಯೇ. ರಬ್ಬರ್ ಪೈಪು, ಟ್ಯಾಂಕಿನ ವಿಚಾರ ಬೇರೆ. ಸೈಲೆನ್ಸರಿನ ನೀರಿನ ಮಟ್ಟಿಗೆ ತಪ್ಪನ್ನು ಎಥನಾಲಿನ ತಲೆಗೆ ಕಟ್ಟುವಂತಿಲ್ಲ.

ಹೊರಗಿನ ತುಕ್ಕಿಗೆ ಕರಾವಳಿಯಲ್ಲಿ ಉಪ್ಪೇ ದೊಡ್ಡ ಕಾರಣ. ಕಾರವಾರದಿಂದ ಮಂಗಳೂರಿನವರೆಗೆ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಮೀನಿನ ಲಾರಿಯ ಹಿಂದೆ ಹೋಗುವ ಬೈಕಿಗೆ ಕಡಲಗಾಳಿಯ ಉಪ್ಪು ಸಾಲದೆಂಬಂತೆ ಲಾರಿಯಿಂದ ಸುರಿಯುವ ಉಪ್ಪುನೀರೂ ಸಿಡಿಯುತ್ತದೆ. ಆ ನೀರು ಬಿಸಿ ಸೈಲೆನ್ಸರಿನ ಮೇಲೆ ಬಿದ್ದು ಒಣಗಿದರೆ ಉಪ್ಪು ಅಲ್ಲೇ ಉಳಿಯುತ್ತದೆ, ರಾತ್ರಿಯ ತೇವವನ್ನು ಹೀರಿಕೊಂಡು ಬೆಳಗಿನವರೆಗೂ ಲೋಹವನ್ನು ಒದ್ದೆಯಾಗಿಯೇ ಇಡುತ್ತದೆ. ಕರಾವಳಿಯವರು ವಾರಕ್ಕೆರಡು ಸಲ ಬರಿ ಸಿಹಿನೀರಿನಿಂದ ಸೈಲೆನ್ಸರಿನ ತಳ, ಕ್ಲಾಂಪ್, ಕಾಲಿಗೆ ಬಿಸಿ ತಾಗದಂತೆ ತಡೆಯುವ ಹೀಟ್ ಶೀಲ್ಡಿನ ಹಿಂಬದಿ ತೊಳೆದರೆ ಯಾವ ಪಾಲಿಶಿಗಿಂತಲೂ ಹೆಚ್ಚು ಲಾಭ. ಬಿಸಿ ಇದ್ದಾಗ ನೀರು ಎರಚಬೇಡಿ. ವಾಟರ್ ಸರ್ವಿಸ್‌ನವರಿಗೆ ಪ್ರೆಶರ್ ಗನ್ನನ್ನು ಹಿಂಬಾಯಿಗೆ ಹಿಡಿಯಬೇಡಿ ಎಂದು ಮೊದಲೇ ಹೇಳಿ. ಒದ್ದೆ ಬೈಕಿಗೆ ಪ್ಲಾಸ್ಟಿಕ್ ಕವರ್ ಹೊದಿಸಿದರೆ ಒಳಗೆ ಹಬೆ ಕೂತು ಬಯಲಿನಲ್ಲಿ ನಿಂತ ಬೈಕಿಗಿಂತ ಬೇಗ ತುಕ್ಕು ಹಿಡಿಯುತ್ತದೆ.

ಕ್ರೋಮ್ ಸೈಲೆನ್ಸರಿನ ವಿಷಯಕ್ಕೆ ಬರೋಣ. ಹೊಳೆಯುವ ಆ ಕ್ರೋಮ್ ಪದರ ಒಂದು ಮೈಕ್ರಾನಿಗಿಂತಲೂ ತೆಳು, ಅದರ ಕೆಳಗೆ ನಿಕಲ್, ಅದರಡಿ ಕಬ್ಬಿಣ. ಕ್ರೋಮಿಗೆ ತುಕ್ಕು ಹಿಡಿಯುವುದಿಲ್ಲ; ಅದರಲ್ಲಿರುವ ಕಣ್ಣಿಗೆ ಕಾಣದ ರಂಧ್ರಗಳಿಂದ ನೀರಿಳಿದು ಅಡಿಯ ಕಬ್ಬಿಣಕ್ಕೆ ಹಿಡಿಯುತ್ತದೆ, ತುಕ್ಕು ಉಬ್ಬಿ ಮೇಲಕ್ಕೆ ಚುಕ್ಕೆಯಾಗಿ ಉಕ್ಕುತ್ತದೆ. ಹಾಗಾಗಿ ಚುಕ್ಕೆ ತೆಗೆಯಬಹುದು, ರಂಧ್ರ ಮುಚ್ಚಲಾಗದು. ಮಾಡಬೇಕಾದದ್ದು ಹೀಗೆ: ತಣ್ಣಗಾದ ಸೈಲೆನ್ಸರನ್ನು ಶಾಂಪೂ ನೀರಿನಿಂದ ತೊಳೆದು ಮರಳು ಹೋಗಲಾಡಿಸಿ. ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲನ್ನು ಅಂಗೈಯಗಲ ಹರಿದು ಮುದ್ದೆ ಮಾಡಿ, ನೀರಿನಲ್ಲಿ ಅದ್ದಿ, ಹೆಚ್ಚು ಒತ್ತದೆ ಉಜ್ಜಿ. ಅಲ್ಯೂಮಿನಿಯಂ ಕ್ರೋಮಿಗಿಂತ ಬಹಳ ಮೆದು, ಆದ್ದರಿಂದ ಗೀರು ಬೀಳುವುದಿಲ್ಲ. ಕಂದು ರಾಡಿ ಏಳುತ್ತದೆ, ಒರೆಸಿ, ಹೊಸ ಮುದ್ದೆ ತೆಗೆದುಕೊಳ್ಳಿ. ಐದು ಹತ್ತು ನಿಮಿಷದಲ್ಲಿ ಮೇಲ್ಮೈ ತುಕ್ಕು ಹೋಗುತ್ತದೆ. ಪಾತ್ರೆ ತಿಕ್ಕುವ ಸ್ಟೀಲ್ ಜುಂಗು, ಎಮರಿ ಪೇಪರ್ ಮಾತ್ರ ಕ್ರೋಮಿನ ಹತ್ತಿರ ಬರಕೂಡದು.

ಹೋಗದೆ ಉಳಿದ ಚುಕ್ಕೆಗಳಿಗೆ ಅಂಗಡಿಯಲ್ಲಿ ಸಿಗುವ ಸಿಟ್ರಿಕ್ ಆಸಿಡ್, ಅಂದರೆ ನಿಂಬೆ ಉಪ್ಪು, ಸಾಕು. ಒಂದು ಲೀಟರ್ ಬೆಚ್ಚಗಿನ ನೀರಿಗೆ 50 ಗ್ರಾಂ ಹಾಕಿ ಕರಗಿಸಿ, ಹಳೆ ಹತ್ತಿಬಟ್ಟೆ ನೆನೆಸಿ, ಚುಕ್ಕೆಗಳಿರುವಲ್ಲಿ ಸುತ್ತಿ ಅರ್ಧ ಗಂಟೆ ಬಿಡಿ. ಬಟ್ಟೆ ಒಣಗಬಾರದು. ರಾತ್ರಿಯಿಡೀ ಬಿಡುವ ದುರಾಸೆ ಬೇಡ, ತುಕ್ಕಿನ ಜೊತೆ ಒಳ್ಳೆಯ ಲೋಹವೂ ಕರಗುತ್ತದೆ. ಬಿಚ್ಚಿದ ಕೂಡಲೇ ನೀರು ಹಾಕಿ ತೊಳೆದು, ಒಂದು ಲೀಟರ್ ನೀರಿಗೆ ಒಂದು ದೊಡ್ಡ ಚಮಚ ಅಡುಗೆ ಸೋಡಾ ಬೆರೆಸಿ ಒರೆಸಿ, ಮತ್ತೊಮ್ಮೆ ತೊಳೆದು, ಒಣಬಟ್ಟೆಯಿಂದ ಒತ್ತಿ ಒರೆಸಿ ಬಿಸಿಲಿಗಿಡಿ. ಸೋಡಾ ಬಿಟ್ಟರೆ, ಒಣಗಿಸದೆ ಬಿಟ್ಟರೆ ಒಂದೇ ಗಂಟೆಯಲ್ಲಿ ಹಳದಿ ತುಕ್ಕು ಮರಳಿ ಬಂದಿರುತ್ತದೆ. ಆಗ ಜನ ಔಷಧಿ ಕೆಲಸ ಮಾಡಲಿಲ್ಲ ಎನ್ನುತ್ತಾರೆ, ಕೆಲಸ ಮಾಡದಿದ್ದುದು ಒರೆಸುವ ಕೈ. ಸಿಟ್ರಿಕ್ ಸಿಗದಿದ್ದರೆ ವಿನೆಗರ್ ಆದೀತು, ಹುಣಸೆಹುಳಿಯೂ ಆದೀತು, ಎರಡೂ ನಿಧಾನ.

ಹಿತ್ತಾಳೆ ದೀಪ ಬೆಳಗುವಾಗ ಹುಳಿಗೆ ಉಪ್ಪು ಸೇರಿಸುತ್ತೇವಲ್ಲ, ಆ ರೂಢಿಯನ್ನು ಇಲ್ಲಿಗೆ ತರಬಾರದು. ಉಪ್ಪಿನ ಕ್ಲೋರೈಡ್ ಕ್ರೋಮಿನ ರಂಧ್ರದೊಳಗೆ ಕೂತರೆ ಎಷ್ಟು ತೊಳೆದರೂ ಹೊರಬರುವುದು ಕಷ್ಟ. ಟಾಯ್ಲೆಟ್ ಆಸಿಡಿನಲ್ಲಿರುವ ಹೈಡ್ರೋಕ್ಲೋರಿಕ್ ಆಮ್ಲ ಕ್ರೋಮನ್ನೇ ಕರಗಿಸುತ್ತದೆ. ಮೊದಲ ಸಲ ಫಳಫಳ ಎನ್ನುತ್ತದೆ, ತಿಂಗಳೊಳಗೆ ಮಂಕಾಗಿ ಹಳದಿ ತಿರುಗುತ್ತದೆ. ಅದರ ಹಬೆ ತಾಗಿದ ಸ್ಪೋಕು, ಚೈನು, ಡಿಸ್ಕು ಕೂಡ ಮರುದಿನವೇ ಕೆಂಪಾಗಿರುತ್ತವೆ. ಸುಟ್ಟ ಆಯಿಲ್ ಬಿಸಿಗೆ ಹೊಗೆಯಾಡಿ ಕಪ್ಪು ಕಲೆಯಾಗಿ ಬೇಯುತ್ತದೆ, ಮಿಕ್ಕಿದ್ದು ಹಿಂದಿನ ಟೈರಿನ ಮೇಲೆ ಹಾರುತ್ತದೆ. ತಿರುವಿನಲ್ಲಿ ಬೈಕ್ ಜಾರಲು ಅಷ್ಟು ಸಾಕು. ತೆಂಗಿನೆಣ್ಣೆಯದೂ ಇದೇ ಕತೆ. ಬೈಕನ್ನು ಮಳೆಗಾಲ ಮುಗಿಯುವವರೆಗೆ ಮುಟ್ಟದೆ ನಿಲ್ಲಿಸುವುದಾದರೆ ಕ್ರೋಮಿಗೆ ವ್ಯಾಕ್ಸ್ ಹಚ್ಚಬಹುದು. ದಿನಾ ಓಡುವ ಬೈಕಿನಲ್ಲಿ ಅದು ಬಿಸಿಗೆ ಉಳಿಯುವುದಿಲ್ಲ.

ಕಪ್ಪು ಬಣ್ಣದ ಸೈಲೆನ್ಸರಿನ ದಾರಿ ಬೇರೆ. ಅಲ್ಲಿ ತುಕ್ಕನ್ನು ಪೂರ್ತಿ ಕೆರೆದು ಹೊಸ ಬಣ್ಣ ಹೊಡೆಯಲೇಬೇಕು, ಮತ್ತು ಬಣ್ಣ ಶಾಖ ತಡೆಯುವಂಥದ್ದೇ ಆಗಬೇಕು. ಡಬ್ಬಿಯ ಮೇಲೆ 600 ಡಿಗ್ರಿ ಎಂದು ಬರೆದಿರುವುದನ್ನು ನೋಡಿ ಕೊಳ್ಳಿ. ಎಂಜಿನ್ ಪೇಂಟ್ ಎಂದು ಮಾರುವ 200 ಡಿಗ್ರಿ ಆಸುಪಾಸಿನ ಬಣ್ಣ ಎಂಜಿನಿಗೆ ಸರಿ, ಅದರಿಂದ ಹೊರಡುವ ಬೆಂಡ್ ಪೈಪಿಗೆ ಸಾಲದು. ಗೇಟಿಗೆ ಬಳಿಯುವ ರೆಡ್ ಆಕ್ಸೈಡ್ ಪ್ರೈಮರ್ ಅಡಿಗೆ ಹಾಕಿದರೆ ಅದೇ ಮೊದಲು ಸುಟ್ಟು, ಮೇಲಿನ ಒಳ್ಳೆಯ ಬಣ್ಣವನ್ನೂ ಎಬ್ಬಿಸಿಕೊಂಡು ಬೀಳುತ್ತದೆ. ಸಾಮಾನ್ಯ ಪೌಡರ್ ಕೋಟಿಂಗನ್ನು ಬೇಯಿಸುವುದೇ 200 ಡಿಗ್ರಿಯ ಆಸುಪಾಸಿನಲ್ಲಿ, ಬೆಂಡ್ ಪೈಪಿನ ಬಿಸಿಗೆ ಅದು ನಿಲ್ಲದು. ಹೀಟ್ ಶೀಲ್ಡಿಗೆ ಬೇಕಾದರೆ ಮಾಡಿಸಿ.

ಕೆರೆಯಲು ಮೊದಲು ವೈರ್ ಬ್ರಷ್, ಆಮೇಲೆ 80 ನಂಬರಿನ ಎಮರಿ, ನಂತರ 120, ಕೊನೆಗೆ 240. ಅದಕ್ಕಿಂತ ನುಣುಪು ಮಾಡಿದರೆ ಬಣ್ಣಕ್ಕೆ ಹಿಡಿತ ಸಿಗುವುದಿಲ್ಲ. ಥಿನ್ನರ್ ಬಟ್ಟೆಯಿಂದ ಒರೆಸಿದ ಮೇಲೆ ಬರಿಗೈಯಲ್ಲಿ ಮುಟ್ಟಬೇಡಿ, ಬೆರಳಿನ ಜಿಡ್ಡು ತಾಗಿದಲ್ಲೇ ನಾಳೆ ಬಣ್ಣ ಏಳುತ್ತದೆ. 20-25 ಸೆಂಟಿಮೀಟರ್ ದೂರದಿಂದ ತೆಳುವಾಗಿ ಮೂರು ಕೋಟ್, ನಡುವೆ 10-15 ನಿಮಿಷ. ಒಂದೇ ಸಲ ದಪ್ಪಗೆ ಹೊಡೆದರೆ ಒಳಗೆ ಉಳಿದ ಥಿನ್ನರ್ ಬಿಸಿಗೆ ಕುದ್ದು ಗುಳ್ಳೆ ಬರುತ್ತದೆ. ಸುರಿವ ಮಳೆಯ ದಿನ ಈ ಕೆಲಸಕ್ಕೆ ಇಳಿಯಬೇಡಿ, ತಗಡಿನ ಮೇಲೆ ಕಾಣದ ತೇವ ಇದ್ದೇ ಇರುತ್ತದೆ. ತುರ್ತಿದ್ದರೆ ಹೇರ್ ಡ್ರೈಯರಿನಿಂದ ಕೈಗೆ ಬೆಚ್ಚಗೆನಿಸುವಷ್ಟು ಕಾಯಿಸಿಕೊಳ್ಳಿ.

ಬಣ್ಣ ಒಣಗಿದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ, ಹೆಚ್ಚಿನವರು ಎಡವುವುದು ಇಲ್ಲೇ. ಈ ಬಣ್ಣ ಗಟ್ಟಿಯಾಗುವುದು ಶಾಖದಿಂದ. ಒಂದು ದಿನ ಬಿಟ್ಟು, ಸೈಲೆನ್ಸರ್ ಜೋಡಿಸಿ, 10 ನಿಮಿಷ ಐಡಲಿನಲ್ಲಿ ಓಡಿಸಿ ಪೂರ್ತಿ ತಣಿಯಲು ಬಿಡಿ. ಎರಡನೇ ಸಲ 20 ನಿಮಿಷ, ಮತ್ತೆ ತಣಿಸಿ. ಮೂರನೇ ಸಲ ಅರ್ಧ ಗಂಟೆ ರಸ್ತೆಯಲ್ಲಿ. ಡಬ್ಬಿಯ ಮೇಲೆ ಬೇರೆ ಲೆಕ್ಕ ಕೊಟ್ಟಿದ್ದರೆ ಅದನ್ನೇ ಪಾಲಿಸಿ. ಹೊಗೆ, ವಾಸನೆ ಬರುವುದು ಸಹಜ, ಬಯಲಿನಲ್ಲಿ ಮಾಡಿ. ಬಣ್ಣ ಹೊಡೆದ ಸಂಜೆಯೇ ಮಳೆಯಲ್ಲಿ ಓಡಿಸಿದರೆ ಖರ್ಚು ಮಾಡಿದ ದುಡ್ಡು ರಸ್ತೆಪಾಲು.

ಬಣ್ಣಕ್ಕಾಗಲಿ ವೆಲ್ಡಿಂಗಿಗಾಗಲಿ ಸೈಲೆನ್ಸರ್ ಬಿಚ್ಚುವಾಗ ಅವಸರ ಬೇಡ. ಎಂಜಿನ್ ಹೆಡ್ಡಿನಿಂದ ಬೆಂಡ್ ಪೈಪನ್ನು ಹಿಡಿದಿರುವ ಎರಡು ನಟ್‌ಗಳು ತುಕ್ಕಿನಿಂದ ಸ್ಟಡ್ಡಿಗೆ, ಅಂದರೆ ಹೆಡ್ಡಿನಲ್ಲಿ ನೆಟ್ಟ ತಿರುಪುಕಡ್ಡಿಗೆ, ಬೆಸೆದುಕೊಂಡಿರುತ್ತವೆ. ಜೋರಾಗಿ ತಿರುಗಿಸಿದರೆ ನಟ್ ಬರುವ ಬದಲು ಸ್ಟಡ್ ಮುರಿಯುತ್ತದೆ. ಅಲ್ಯೂಮಿನಿಯಂ ಹೆಡ್ಡಿನೊಳಗೆ ಮುರಿದ ಸ್ಟಡ್ ತೆಗೆಸಲು ಲೇತ್ ಅಂಗಡಿಗೆ ಅಲೆಯಬೇಕು, ಆ ಖರ್ಚಿನ ಮುಂದೆ ತುಕ್ಕಿನ ಖರ್ಚು ಏನೇನೂ ಅಲ್ಲ. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಸ್ಪ್ರೇ ಹೊಡೆದಿಡಿ. ಬೆಳಿಗ್ಗೆ ಎಂಜಿನ್ ತುಸು ಬೆಚ್ಚಗೆ ಮಾಡಿ, ಕಾಲು ಸುತ್ತು ಬಿಚ್ಚಿ, ಅರೆಪಾಲು ಹಿಂದಕ್ಕೆ ಬಿಗಿಸಿ, ಮತ್ತೆ ಸ್ಪ್ರೇ, ಮತ್ತೆ ಕಾಲು ಸುತ್ತು, ಹೀಗೆ ಹೊರಗೆ ತನ್ನಿ. ಮರುಜೋಡಣೆಗೆ ಹೊಸ ಗ್ಯಾಸ್ಕೆಟ್ (ಜಾಯಿಂಟ್ ಸೋರದಂತೆ ಕೂರಿಸುವ ಬಳೆ) ಹಾಕಲೇಬೇಕು. ಹಳೆಯದು ಒಮ್ಮೆ ಚಪ್ಪಟೆಯಾಗಿರುತ್ತದೆ, ಮತ್ತೆ ಅದಕ್ಕೆ ಹೊಂದಿಕೊಳ್ಳುವ ಗುಣ ಇಲ್ಲ. ಸ್ಟಡ್ಡಿಗೆ ಕಾಪರ್ ಗ್ರೀಸ್ ಸವರಿ, ಎರಡೂ ನಟ್‌ಗಳನ್ನು ಸರದಿಯಂತೆ ಸ್ವಲ್ಪ ಸ್ವಲ್ಪ ಬಿಗಿಸಿ. ಮೊದಲು ಈ ನಟ್‌ಗಳು, ಆಮೇಲೆ ಹಿಂದಿನ ಬ್ರಾಕೆಟ್ ಬೋಲ್ಟ್. ತಿರುಗಾಮುರುಗಾ ಮಾಡಿದರೆ ಪೈಪಿನ ಮೇಲೆ ಸದಾ ಎಳೆತ ಬಿದ್ದು ಬ್ರಾಕೆಟ್ ಬಳಿ ಬಿರುಕು ಬಿಡುತ್ತದೆ.

ತೂತಾಗಿದೆಯೋ ಎಂಬ ಅನುಮಾನವಿದ್ದರೆ ತಣ್ಣನೆಯ ಸೈಲೆನ್ಸರಿಗೆ ಸೋಪಿನ ನೀರು ಸವರಿ ಎಂಜಿನ್ ಸ್ಟಾರ್ಟ್ ಮಾಡಿ, ಸೋರುವಲ್ಲಿ ಗುಳ್ಳೆ ಏಳುತ್ತದೆ. ಸ್ಕ್ರೂಡ್ರೈವರಿನ ಹಿಡಿಯಿಂದ ತಳವನ್ನು ತಟ್ಟಿ ನೋಡಿ. ಠಣ್ ಎಂದರೆ ತಗಡು ಗಟ್ಟಿ, ಮಂದ ಸದ್ದು ಬಂದರೆ ನವೆದಿದೆ. ಒಂದೆರಡು ಕಡೆ ತೂತಿದ್ದು ಸುತ್ತಲಿನ ತಗಡು ಗಟ್ಟಿಯಿದ್ದರೆ ಪ್ಯಾಚ್ ಹಾಕಿಸಬಹುದು. ತೂತಿಗಿಂತ ಎಲ್ಲ ಕಡೆ ಎರಡು ಸೆಂಟಿಮೀಟರ್ ದೊಡ್ಡದಾಗಿ, 1.2 ಮಿಲಿಮೀಟರ್ ದಪ್ಪದ ಸಾದಾ ಕಬ್ಬಿಣದ ತಗಡು ಕತ್ತರಿಸಿ, ಗ್ಯಾಸ್ ಅಥವಾ ಮಿಗ್ ವೆಲ್ಡಿಂಗ್ ಮಾಡಿಸಿ. ಕಿಟಕಿ ಗ್ರಿಲ್ ಮಾಡುವ ಆರ್ಕ್ ವೆಲ್ಡಿಂಗ್ ಈ ತೆಳು ತಗಡನ್ನು ಸುಟ್ಟು ಒಂದು ತೂತಿನ ಜಾಗದಲ್ಲಿ ಮೂರು ಮಾಡುತ್ತದೆ. ಸತುವಿನ ಲೇಪದ ಜಿ.ಐ. ತಗಡನ್ನು ಮಾತ್ರ ವೆಲ್ಡಿಂಗಿಗೆ ಕೊಡಬೇಡಿ, ಸತುವಿನ ಹೊಗೆ ಕುಡಿದ ವೆಲ್ಡರಿಗೆ ರಾತ್ರಿ ಚಳಿಜ್ವರ ಬರುತ್ತದೆ. ಮೆತ್ತಿ ಮುಚ್ಚುವ ಎಪಾಕ್ಸಿ ಪುಟ್ಟಿ ಬಿಸಿಗೆ ಪುಡಿಯಾಗಿ ಉದುರುತ್ತದೆ. ತಳವೆಲ್ಲ ಮಂದ ಸದ್ದು ಕೊಟ್ಟರೆ ಪ್ಯಾಚಿಗೆ ಹಣ ಸುರಿಯಬೇಡಿ, ವೆಲ್ಡಿಂಗ್ ಅಂಚಿನ ಪಕ್ಕದಲ್ಲೇ ಮತ್ತೆ ಹರಿಯುತ್ತದೆ. ತೂತಾದ ಸೈಲೆನ್ಸರಿನಲ್ಲಿ ಓಡಿಸುವುದು ಕೇಂದ್ರ ಮೋಟಾರು ವಾಹನ ನಿಯಮಾವಳಿ 1989ರ 120ನೇ ನಿಯಮಕ್ಕೂ ವಿರುದ್ಧ, ಕಿವಿಗೂ ವಿರುದ್ಧ.

2020ರ ಏಪ್ರಿಲ್ 1ರಿಂದ ಬಂದ, ಹೊಗೆ ನಿಯಂತ್ರಣದ ಬಿಎಸ್-6 ನಿಯಮದ ಬೈಕುಗಳಿಗೆ ಇನ್ನಷ್ಟು ಎಚ್ಚರ ಬೇಕು. ಅವುಗಳ ಬೆಂಡ್ ಪೈಪಿನಲ್ಲಿ ಆಕ್ಸಿಜನ್ ಸೆನ್ಸರ್, ಪೈಪಿನಲ್ಲೋ ಸೈಲೆನ್ಸರಿನಲ್ಲೋ ಹೊಗೆಯ ವಿಷ ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಇರುತ್ತದೆ. ಸೆನ್ಸರಿಗಿಂತ ಮುಂಚೆ ಸಣ್ಣ ತೂತಿದ್ದರೂ ಹೊರಗಾಳಿ ಒಳಸೇರಿ ಸೆನ್ಸರ್ ತಪ್ಪು ಲೆಕ್ಕ ಕೊಡುತ್ತದೆ, ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್ (ಇಸಿಯು) ಪೆಟ್ರೋಲ್ ಹೆಚ್ಚು ಬಿಡುತ್ತದೆ, ಮೈಲೇಜ್ ಇಳಿಯುತ್ತದೆ. ಹಲವರು ಆಗ ಇಂಜೆಕ್ಟರ್ ಕ್ಲೀನ್ ಮಾಡಿಸುತ್ತಾ ಕೂರುತ್ತಾರೆ. ಬಿಚ್ಚುವ ಮೊದಲು ಸೆನ್ಸರಿನ ಕನೆಕ್ಟರ್ ತೆಗೆಯಿರಿ, ವೈರ್ ಎಳೆಯಬೇಡಿ. ಪೈಪಿನ ಜಾಯಿಂಟಿಗೆ ಸಾಮಾನ್ಯ ಸಿಲಿಕಾನ್ ಸೀಲಂಟ್ ಹಚ್ಚಿದರೆ ಅದರ ಹಬೆಗೆ ಸೆನ್ಸರ್ ಸಾಯುತ್ತದೆ. ವೆಲ್ಡಿಂಗನ್ನು ಬೈಕಿನ ಮೇಲೆ ಇಟ್ಟೇ ಮಾಡಲು ಬಿಡಬೇಡಿ. ಬೆಂಡ್ ಪೈಪ್ ಸ್ಟೇನ್‌ಲೆಸ್ ಆಗಿದ್ದು ತಿಳಿಕಂದು ಅಥವಾ ನೀಲಿ ಬಣ್ಣಕ್ಕೆ ತಿರುಗಿದ್ದರೆ ಗಾಬರಿ ಬೇಡ, ಅದು ಬಿಸಿಯ ಬಣ್ಣ.

ಒಂದು ಕೋರಿಕೆಯೂ ಇದೆ. ಮಳೆಗಾಲದ ಉಚಿತ ತಪಾಸಣಾ ಶಿಬಿರ ನಡೆಸುವ ಸರ್ವಿಸ್ ಸೆಂಟರ್‌ಗಳು ತಮ್ಮ ಪಟ್ಟಿಯಲ್ಲಿ ಬ್ರೇಕು, ಚೈನು, ಬಲ್ಬಿನ ಜೊತೆ ಸೈಲೆನ್ಸರಿನ ನೀರಿಳಿಯುವ ತೂತು ಬಿಡಿಸುವುದನ್ನೂ ಸೇರಿಸಲಿ. ಅರ್ಧ ನಿಮಿಷದ ಕೆಲಸ, ತಂತಿಯ ಒಂದು ತುಂಡಿನ ಖರ್ಚು. ಮೀನು ಸಾಗಿಸುವ ವಾಹನಗಳ ನೀರು ರಸ್ತೆಗೆ ಸುರಿಯದಂತೆ ಲಾರಿಗೇ ಒಂದು ಟ್ಯಾಂಕ್ ಇರಬೇಕೆಂಬ ಬೇಡಿಕೆ ದುರ್ವಾಸನೆಯ ಕಾರಣಕ್ಕೆ ಆಗಾಗ ಕೇಳಿಬರುತ್ತದೆ, ಆ ದೂರಿಗೆ ತುಕ್ಕನ್ನೂ ಸೇರಿಸಿಕೊಳ್ಳಬಹುದು.

ಬಿಎಸ್-6 ಸೈಲೆನ್ಸರ್ ಬದಲಾಯಿಸಬೇಕಾಗಿ ಬಂದರೆ ಹಳೆಯದನ್ನು ಗ್ಯಾರೇಜಿನಲ್ಲೇ ಬಿಟ್ಟುಬರಬೇಡಿ. ತುಕ್ಕು ತಿಂದದ್ದು ಹೊರಗಿನ ತಗಡನ್ನು, ಒಳಗೆ ಕನ್ವರ್ಟರ್ ಇದ್ದರೆ ಅದರಲ್ಲಿ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂನಂಥ ದುಬಾರಿ ಲೋಹಗಳ ಲೇಪ ಹಾಗೆಯೇ ಇರುತ್ತದೆ. ಗುಜರಿಯವರು ಅದನ್ನು ಕಬ್ಬಿಣದ ದರಕ್ಕೆ ಕೇಳಿದರೆ ಕೊಡಬೇಡಿ.

– ಬೈಕ್ ಮೆಕ್ಯಾನಿಕ್, ಕುಂದಾಪುರ